ಹೆಸರಿನ ಹಿಂದೆ – 9: ಎಕ್ಸ್‌ಪೋಸಿತೊ

‘ಬ್ರೇಕಿಂಗ್ ಬ್ಯಾಡ್’ ನೋಡಿದ್ದೀರಾ? ಅದರಲ್ಲಿ ಚಿಕನ್ ಅಂಗಡಿ ಇಟ್ಟುಕೊಂಡ ಗಸ್ ಇದ್ದಾನಲ್ಲ, ಆ ನಟನ ಹೆಸರು ಜಿಯಾನ್‌ಕಾರ್ಲೊ ಎಸ್ಪೊಸಿಟೊ. ಅಪ್ಪ ಇಟಲಿಯ ನೇಪಲ್ಸ್‌ನವರು. ಆ ಊರಲ್ಲಿ ಎಲ್ಲಿ ಕಲ್ಲೆಸೆದರೂ ಒಬ್ಬ ಎಸ್ಪೊಸಿಟೊಗೆ ತಗುಲುತ್ತೆ, ಅಷ್ಟು ಸಾಮಾನ್ಯ ಹೆಸರು. ಇದರದೇ ಸ್ಪ್ಯಾನಿಷ್ ರೂಪ ಎಕ್ಸ್‌ಪೋಸಿತೊ. ಇವತ್ತಿನ ಕಥೆ ಅದರದು.

ಮೂಲ ಲ್ಯಾಟಿನ್. ಅರ್ಥ ‘ಹೊರಗೆ ಇಟ್ಟದ್ದು’. ಇಟ್ಟದ್ದು ಏನನ್ನ? ಮಗುವನ್ನ.

ಹಿಂದೆ ಸ್ಪೇನ್‌ನ ಅನಾಥಾಲಯಗಳ ಗೋಡೆಯಲ್ಲಿ ‘ತೋರ್ನೊ’ ಅಂತ ಒಂದು ತಿರುಗುವ ಮರದ ಪೆಟ್ಟಿಗೆ ಇರುತ್ತಿತ್ತು. ರಾತ್ರಿ ಯಾರೋ ಬಂದು ಕೂಸನ್ನು ಅದರಲ್ಲಿಟ್ಟು, ತಿರುಗಿಸಿ, ಗಂಟೆ ಬಾರಿಸಿ ಹೋಗುತ್ತಿದ್ದರು. ಒಳಗಿದ್ದವರಿಗೆ ಅವರ ಮುಖ ಕಾಣುತ್ತಿರಲಿಲ್ಲ. ಕೆಲವು ಕೂಸುಗಳ ಬಟ್ಟೆಯಲ್ಲಿ ಒಂದು ಚೀಟಿ, ರಿಬ್ಬನ್ ತುಂಡು ಅಥವಾ ಪದಕ ಇರುತ್ತಿತ್ತು. ಮುಂದೊಂದು ದಿನ ಬಂದು ಗುರುತು ಹಿಡಿಯೋಣ ಅನ್ನೋ ಆಸೆ. ರಿಜಿಸ್ಟರಿನಲ್ಲಿ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಅಪ್ಪ ಅಮ್ಮನ ಹೆಸರು ಗೊತ್ತಿಲ್ಲದ ಕಡೆ ಎಕ್ಸ್‌ಪೋಸಿತೊ. ಒಂದೊಂದು ಊರಲ್ಲಿ ಒಂದೊಂದು ಪದ್ಧತಿಯೂ ಇತ್ತು: ಸರಗೋಸಾದಲ್ಲಿ ಆಸ್ಪತ್ರೆಯ ಹೆಸರಿನಿಂದಲೇ ‘ದೆ ಗ್ರಾಸಿಯಾ’ ಅಂತ ಕೊಡುತ್ತಿದ್ದರು.

ಈಗ ಯೋಚಿಸಿ. ಸ್ಪೇನ್‌ನಲ್ಲಿ ಒಬ್ಬರಿಗೆ ಎರಡು ಮನೆತನದ ಹೆಸರು, ಒಂದು ಅಪ್ಪನ ಕಡೆಯದು, ಇನ್ನೊಂದು ಅಮ್ಮನ ಕಡೆಯದು. ಅಂಥ ಸಮಾಜದಲ್ಲಿ ಹೆಸರು ಹೇಳಿದ ಕೂಡಲೇ ‘ಓಹ್, ಬಿಟ್ಟುಹೋದ ಕೂಸು’ ಅಂತ ಎದುರಿನವರಿಗೆ ಗೊತ್ತಾಗಿಬಿಡುತ್ತಿತ್ತು. ಅವರಿಗಷ್ಟೇ ಅಲ್ಲ, ಅವರ ಮಕ್ಕಳಿಗೂ ಮೊಮ್ಮಕ್ಕಳಿಗೂ.

1794ರಲ್ಲಿ ರಾಜ ನಾಲ್ಕನೇ ಕಾರ್ಲೊಸ್ ಒಂದು ಆಜ್ಞೆ ಹೊರಡಿಸಿದ. ಈ ಮಕ್ಕಳನ್ನೆಲ್ಲ ಕಾನೂನಿನ ಕಣ್ಣಲ್ಲಿ ಸಕ್ರಮ ಸಂತಾನ ಅಂತಲೇ ನೋಡಬೇಕು, ‘ಹಾದರಕ್ಕೆ ಹುಟ್ಟಿದವನು’ ಅಂತ ಬೈದವರಿಗೆ ಶಿಕ್ಷೆ. ಇನ್ನೂ ಒಂದು ಮಾತಿತ್ತು: ಇವರು ತಪ್ಪು ಮಾಡಿದರೆ ಛಡಿಯೇಟು, ಬಹಿರಂಗ ಅವಮಾನದಂಥ ಶಿಕ್ಷೆ ಕೊಡುವಂತಿಲ್ಲ, ಕುಲೀನರಿಗೆ ಕೊಡುವಂಥದ್ದನ್ನೇ ಕೊಡಬೇಕು. ಯಾಕೆ ಅಂದ್ರೆ, ಯಾರಿಗೆ ಗೊತ್ತು, ಆ ಕೂಸು ಯಾವುದೋ ದೊಡ್ಡ ಮನೆತನದ್ದೇ ಇರಬಹುದಲ್ಲ! ಕರುಣೆಯ ಜೊತೆಗೆ ಮೇಲ್ವರ್ಗದ ಭಯವೂ ಸೇರಿತ್ತು ಅಂತ ನನಗನಿಸುತ್ತೆ.

ಅದೇ ರಾಜ 1803ರಲ್ಲಿ ಸಿಡುಬಿನ ಲಸಿಕೆಯನ್ನು ಅಮೆರಿಕ ಖಂಡಕ್ಕೆ ಕಳಿಸಿದ. ಫ್ರಿಜ್ ಇಲ್ಲದ ಕಾಲ. ವೈದ್ಯ ಬಾಲ್ಮಿಸ್ ಕಂಡುಕೊಂಡ ಉಪಾಯ ಮಕ್ಕಳ ತೋಳು! ಒಬ್ಬನ ಗುಳ್ಳೆಯ ರಸದಿಂದ ಇನ್ನೊಬ್ಬನಿಗೆ ಚುಚ್ಚುತ್ತಾ ಸಮುದ್ರ ದಾಟುವುದು. ಲಾ ಕೊರುಞಾ ಬಂದರಿನಿಂದ ಹೊರಟ ಆ 22 ಹುಡುಗರು ಬಹುಪಾಲು ಅನಾಥಾಲಯದ ಮಕ್ಕಳೇ. ಅವರನ್ನು ನೋಡಿಕೊಳ್ಳಲು ಅಲ್ಲಿನ ಮೇಲ್ವಿಚಾರಕಿ ಇಸಾಬೆಲ್ ಸೆಂದಾಲ್ ಹೋದಳು, ಜೊತೆಗೆ ತನ್ನ ಮಗನನ್ನೂ ಕರೆದುಕೊಂಡು. ಲಸಿಕೆ ತಲುಪಿತು, ಅಸಂಖ್ಯ ಜನ ಬದುಕಿದರು. ಹುಡುಗರು ಮೆಕ್ಸಿಕೋದಲ್ಲೇ ಉಳಿದರು. ಕೇಳಿದ್ದು ಯಾರನ್ನ, ಒಪ್ಪಿದ್ದು ಯಾರು?

ಕಡೆಗೆ 1921ರಲ್ಲಿ ಈ ಹೆಸರನ್ನು ಬದಲಿಸಿಕೊಳ್ಳಲು ಕಾನೂನು ದಾರಿ ಮಾಡಿಕೊಟ್ಟಿತು. ಬಹಳ ಜನ ಬದಲಿಸಿಕೊಂಡರು. ಇಟ್ಟುಕೊಂಡವರೂ ಇದ್ದಾರೆ: ಕ್ಯಾನರಿ ದ್ವೀಪಗಳಲ್ಲಿ, ಆಂದಲೂಸಿಯಾದಲ್ಲಿ ಇವತ್ತಿಗೂ ಸಾವಿರಾರು ಎಕ್ಸ್‌ಪೋಸಿತೊಗಳು. ಇವರಲ್ಲಿ ವಂಶವೃಕ್ಷ ಹುಡುಕಲು ಹೊರಟ ಎಷ್ಟೋ ಜನರಿಗೆ ಹಳೆಯ ರಿಜಿಸ್ಟರಿನ ಒಂದು ಸಾಲಿನಾಚೆ ಏನೂ ಸಿಗೋದಿಲ್ಲ: ಯಾವ ತಾರೀಖು, ಎಷ್ಟು ಗಂಟೆ, ಮೈಮೇಲೆ ಯಾವ ಬಟ್ಟೆ.