ದಾದರ್ ಟಿ. ಟಿ. : ಒಂದು ಸ್ಥಳನಾಮದ ಸಾಕ್ಷ್ಯ

ಸ್ಥಳನಾಮಗಳು ಚರಿತ್ರೆಯ ಆಕರಗಳೆಂಬುದು ಶಾಸನಗಳನ್ನು ಅಭ್ಯಸಿಸುವವರಿಗೆ ಹೊಸ ಮಾತಲ್ಲ. ಆದರೆ ಈ ವಿವೇಚನೆಯನ್ನು ನಾವು ಸಾಮಾನ್ಯವಾಗಿ ಪ್ರಾಚೀನ ಗ್ರಾಮನಾಮಗಳಿಗೆ ಮಾತ್ರ ಮೀಸಲಾಗಿರಿಸಿದ್ದೇವೆ. ಆಧುನಿಕ ನಗರದ ಹೆಸರುಗಳೂ ಇಂಥ ಪರಿಶೀಲನೆಗೆ ಅರ್ಹವೆಂಬುದನ್ನು ಒಂದು ನಿದರ್ಶನದಿಂದ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮುಂಬಯಿಯ ದಾದರ್ ಪೂರ್ವ ಭಾಗದಲ್ಲಿ 'ದಾದರ್ ಟಿ. ಟಿ.' ಎಂಬ ವೃತ್ತವಿದೆ. ಖೋದಾದಾದ್ ವೃತ್ತವೆಂಬ ಹೆಸರೂ ಇದಕ್ಕುಂಟು. ಆ ಎರಡು ಅಕ್ಷರಗಳು 'ಟ್ರಾಂ ಟರ್ಮಿನಸ್', ಎಂದರೆ ಟ್ರಾಂ ಗಾಡಿಯ ಕೊನೆಯ ನಿಲ್ದಾಣ, ಎಂಬುದರ ಸಂಕ್ಷೇಪ. ಇಂದು ಅಲ್ಲಿ ಟ್ರಾಂ ಇಲ್ಲ. ಆ ಸ್ಥಳವು ನಗರದ ಕೊನೆಯೂ ಅಲ್ಲ. ಹಾಗಿದ್ದರೆ ಈ ಹೆಸರು ಯಾವುದರ ಕೊನೆಯನ್ನು ಸೂಚಿಸುತ್ತದೆ?

ಮುಂಬಯಿಯಲ್ಲಿ ಟ್ರಾಂ ಸಂಚಾರ ಮೊದಲಾದದ್ದು ೧೮೭೪ರ ಮೇ ೯ರಂದು. ಆಗ ಗಾಡಿಗಳನ್ನು ಕುದುರೆಗಳು ಎಳೆಯುತ್ತಿದ್ದವು. ಕೊಲಾಬಾದಿಂದ ಪಾಯಧುಣಿಗೂ ಬೋರಿಬಂದರಿನಿಂದ ಪಾಯಧುಣಿಗೂ ಮೊದಲ ಮಾರ್ಗಗಳಿದ್ದವು. ಇವೆರಡೂ ದ್ವೀಪದ ದಕ್ಷಿಣ ಭಾಗದ ಪೇಟೆ ಮತ್ತು ಕಚೇರಿಗಳ ಪ್ರದೇಶಕ್ಕೆ ಸೇರಿದವೆಂಬುದು ಗಮನಾರ್ಹ. ೧೯೦೭ರ ಮೇ ೭ರಂದು ವಿದ್ಯುತ್ ಟ್ರಾಂ ಓಡತೊಡಗಿತು. ಕುದುರೆಯ ದಣಿವು ದೂರಕ್ಕೆ ವಿಧಿಸಿದ್ದ ಮಿತಿಯನ್ನು ವಿದ್ಯುಚ್ಛಕ್ತಿಯು ತೆಗೆದುಹಾಕಿತು.

ಆದರೆ ಯಂತ್ರಶಕ್ತಿಯೊಂದರಿಂದಲೇ ಉಪನಗರವು ಹುಟ್ಟಲಾರದು. ೧೮೯೬ರಲ್ಲಿ ಮುಂಬಯಿಗೆ ಬಂದೆರಗಿದ ಪ್ಲೇಗು ಇಕ್ಕಟ್ಟಾದ ಕೇರಿಗಳ ದುಃಸ್ಥಿತಿಯನ್ನು ಬಯಲಿಗೆಳೆಯಿತು. ಅದರ ಪರಿಣಾಮವಾಗಿ ೧೮೯೮ರಲ್ಲಿ ನಗರಸುಧಾರಣೆಯ ಟ್ರಸ್ಟು ಸ್ಥಾಪಿತವಾಯಿತು. ಜನರನ್ನು ಉತ್ತರದ ತೆರಪಾದ ನೆಲಕ್ಕೆ ಸಾಗಿಸುವ ದಾದರ್-ಮಾಟುಂಗಾ-ವಡಾಲಾ-ಸಯನ್ ಯೋಜನೆಗಳು ೧೮೯೯-೧೯೦೦ರಲ್ಲಿ ರೂಪುಗೊಂಡವು. ದಾದರ್-ಮಾಟುಂಗಾ ಭಾಗವೊಂದರಲ್ಲಿಯೇ ೬೦,೦೦೦ ಜನರಿಗೆ ವಸತಿ ಕಲ್ಪಿಸುವ ಉದ್ದೇಶವಿದ್ದಿತು. ಅಗಲವಾದ ರಸ್ತೆಗಳು, ಉದ್ಯಾನಗಳು, ಪಾರ್ಸಿ ಕಾಲನಿ, ಹಿಂದೂ ಕಾಲನಿ ಮುಂತಾದವು ಈ ಯೋಜನೆಯ ಫಲಗಳು. ಹೀಗೆ ಮನೆ ಒಂದೆಡೆ, ದುಡಿಮೆ ಮತ್ತೊಂದೆಡೆ ಆದವರಿಗೆ ಟ್ರಾಂ ಅನಿವಾರ್ಯವಾಯಿತು. ಅದು ಉತ್ತರಾಭಿಮುಖವಾಗಿ ಬಂದು ನಿಂತ ವೃತ್ತವೇ ದಾದರ್ ಟಿ. ಟಿ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಟ್ರಾಂ ಮಾರ್ಗವು ಮುಂದೆ ಕಿಂಗ್ಸ್ ವೇ ರಸ್ತೆಯಲ್ಲಿ ಕಿಂಗ್ಸ್ ಸರ್ಕಲಿನವರೆಗೂ ಬೆಳೆಯಿತು. ಮಾಟುಂಗಾದಲ್ಲಿ ನೆಲೆಸಿದ ದಕ್ಷಿಣ ಭಾರತೀಯರಿಗೆ, ಅವರಲ್ಲಿ ಕನ್ನಡಿಗರಿಗೂ, ಈ ಮಾರ್ಗವು ಉಪಯುಕ್ತವಾಯಿತು. ೧೯೨೬ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ನೂ ಅಲ್ಲಿಯ ಉಡುಪಿ ಹೋಟೆಲುಗಳೂ ಆ ವಸತಿಯ ಗುರುತುಗಳು. ಮಾರ್ಗವು ಮುಂದುವರಿದ ಮೇಲೆ ದಾದರ್ ಕೊನೆಯ ನಿಲ್ದಾಣವಾಗಿ ಉಳಿಯಲಿಲ್ಲ. ಹೆಸರು ಮಾತ್ರ ಉಳಿಯಿತು. ಪರೇಲಿನಲ್ಲಿಯೂ ಒಂದು 'ಟಿ. ಟಿ.' ಇದೆಯೆಂಬುದನ್ನು ಇದರೊಂದಿಗೆ ಇಟ್ಟು ನೋಡಬೇಕು. ಆದ್ದರಿಂದ ಸ್ಥಳನಾಮವು ಒಂದು ಕಾಲದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಎಲ್ಲ ಕಾಲದ ಸ್ಥಿತಿಯನ್ನಲ್ಲ. ಅದನ್ನು ಇತರ ಆಧಾರಗಳೊಡನೆ ತಾಳೆ ನೋಡದೆ ಸ್ವೀಕರಿಸಿದರೆ ನಾವು ತಪ್ಪುವೆವು.

೧೯೨೬ರಲ್ಲಿ ಮೋಟಾರು ಬಸ್ಸುಗಳು ಬಂದವು. ಹಳಿಯನ್ನು ಬಿಟ್ಟು ಕದಲಲಾಗದ ಟ್ರಾಮಿಗೆ ಅವು ಪ್ರಬಲ ಪ್ರತಿಸ್ಪರ್ಧಿಗಳಾದವು. ೧೯೪೭ರಲ್ಲಿ ಟ್ರಾಂ ಸಂಸ್ಥೆಯು ನಗರಸಭೆಯ ವಶಕ್ಕೆ ಬಂದಿತು. ಮಾರ್ಗಗಳು ಒಂದೊಂದಾಗಿ ಮುಚ್ಚಿಹೋಗಿ, ೧೯೬೪ರ ಮಾರ್ಚ್ ೩೧ರ ರಾತ್ರಿ ಕೊನೆಯ ಟ್ರಾಂ ಬೋರಿಬಂದರಿನಿಂದ ಹೊರಟು ದಾದರಿಗೆ ಬಂದು ಸೇರಿತು. ಮಾರ್ಗದ ಕೊನೆಯೆಂಬ ಪದವಿಯನ್ನು ಎಂದೋ ಕಳೆದುಕೊಂಡಿದ್ದ ಸ್ಥಳಕ್ಕೆ ಟ್ರಾಂ ಯುಗದ ಕೊನೆಯೆಂಬ ಪದವಿ ಹೀಗೆ ದೊರೆಯಿತು.

ಈಗಿನ ವೃತ್ತವನ್ನು ನೋಡುವವರಿಗೆ ಬಾಗಿದ ಮುಖದ ಹಳೆಯ ಕಟ್ಟಡಗಳು, ಅವುಗಳ ಕೆಳ ಅಂತಸ್ತಿನ ಅಂಗಡಿಗಳು, ಮೇಲ್ಸೇತುವೆ, ಎಡೆಬಿಡದ ವಾಹನಗಳ ಪ್ರವಾಹ ಕಾಣುತ್ತವೆ. ತಿಲಕ್ ಸೇತುವೆಯು ರೈಲುಹಳಿಗಳನ್ನು ದಾಟಿ ದಾದರ್ ಪಶ್ಚಿಮಕ್ಕೆ ಹೋಗುತ್ತದೆ. ಕಿಂಗ್ಸ್ ವೇ ಈಗ ಡಾ. ಬಾಬಾಸಾಹೇಬ ಅಂಬೇಡ್ಕರ್ ರಸ್ತೆಯಾಗಿದೆ. ಅಂಬೇಡ್ಕರರು ತಮ್ಮ ಗ್ರಂಥಭಂಡಾರಕ್ಕೆ ತಕ್ಕಂತೆ ಕಟ್ಟಿಸಿದ 'ರಾಜಗೃಹ'ವು ಸಮೀಪದ ಹಿಂದೂ ಕಾಲನಿಯಲ್ಲಿದೆ. ರಾಜಮಾರ್ಗದ ಹೆಸರು ಅಳಿದು, ಅಲ್ಲಿಯೇ ಬಾಳಿದ ಮಹನೀಯರ ಹೆಸರು ಬಂದುದು ಯೋಗ್ಯವೇ ಆಗಿದೆ. ಆದರೆ ರಾಜನ ಹೆಸರನ್ನು ಅಳಿಸಿದ ಕಾಲವು ಟ್ರಾಮಿನ ಹೆಸರನ್ನು ಅಳಿಸಲಿಲ್ಲ. ಅದನ್ನು ಯಾವ ಆಜ್ಞೆಯೂ ಕಾಪಾಡಲಿಲ್ಲ. ಟ್ಯಾಕ್ಸಿಯವರೂ ಬಸ್ಸಿಗೆ ಕಾಯುವವರೂ ತಮ್ಮ ನಿತ್ಯದ ಮಾತಿನಲ್ಲಿ ಅದನ್ನು ಉಳಿಸಿಕೊಂಡು ಬಂದಿದ್ದಾರೆ.

ಹಳಿ ಹೋಯಿತು, ಗಾಡಿ ಹೋಯಿತು. ಎರಡು ಅಕ್ಷರಗಳು ನಿಂತಿವೆ. ನಗರವು ಒಮ್ಮೆ ಎಲ್ಲಿಯವರೆಗೆ ಕೈಚಾಚಿತ್ತೆಂಬುದನ್ನು ಅವು ಇಂದಿಗೂ ಹೇಳುತ್ತವೆ. ಅವುಗಳ ಅರ್ಥವನ್ನು ಬಲ್ಲವರ ಸಂಖ್ಯೆ ಕ್ಷೀಣಿಸುತ್ತಿದೆ. ಅರ್ಥ ಮರೆತ ಹೆಸರನ್ನು ಬದಲಿಸುವುದು ಸುಲಭ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳ ನಾಕಾ, ಗೇಟು, ಸರ್ಕಲುಗಳ ಹೆಸರುಗಳನ್ನು, ಅವುಗಳ ಕಾರಣ ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಅವಶ್ಯ. ನಾಳೆಯ ಚರಿತ್ರಕಾರನಿಗೆ ಅವು ಶಿಲಾಶಾಸನಗಳಿಗಿಂತ ಕಡಮೆಯ ಬೆಲೆಯವಾಗಲಾರವು.