ಲೋಕಾಪುರದ ನೆಲ ಮತ್ತು ಘೋರ್ಪಡೆಯವರ ವಂಶಾವಳಿ



ಮನೆಯ ಹಿರಿಯರು ತೀರಿಕೊಂಡ ಮೇಲೆ ಹೊಲವನ್ನು ಮಕ್ಕಳ ಹೆಸರಿಗೆ ಮಾಡಿಸಬೇಕಾದ ಕುಟುಂಬ ಯಾವುದೇ ಆಗಲಿ, ನಾಡಕಚೇರಿಯ ಮೆಟ್ಟಿಲು ಹತ್ತಲೇಬೇಕು. ಅಲ್ಲಿ ಕೇಳುವ ಮೊದಲ ಕಾಗದ ಮರಣದ ದಾಖಲೆ, ಎರಡನೆಯದು ವಂಶಾವಳಿ. ಅಜ್ಜ ಯಾರು, ಆತನಿಗೆ ಮಕ್ಕಳೆಷ್ಟು, ಯಾರಿದ್ದಾರೆ, ಯಾರು ತೀರಿಕೊಂಡಿದ್ದಾರೆ ಎಂಬುದನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಬೇಕು. ವಾರಸಾ, ವಾಟ್ನಿ, ಉತಾರ ಎಂಬ ಮಾತುಗಳು ಉತ್ತರ ಕರ್ನಾಟಕದ ನಮ್ಮ ಮನೆಗಳಲ್ಲಿ ಮಳೆ-ಬೆಳೆಯ ಮಾತಿನಷ್ಟೇ ಸಾಮಾನ್ಯ. ಆ ಹಾಳೆಯಲ್ಲಿ ಒಂದು ಹೆಸರು ತಪ್ಪಿದರೆ ಒಂದು ಪಾಲು ತಪ್ಪಿತು. ಒಂದು ಹೆಸರು ಹೆಚ್ಚಾದರೆ ನ್ಯಾಯಾಲಯದ ಅಲೆದಾಟ ಶುರುವಾಯಿತು.

ವಂಶಾವಳಿ ಎಂದರೆ ಹಿರಿಮೆಗಾಗಿ ಬರೆದಿಡುವ ಪಟ್ಟಿ ಎಂದು ನಾವು ತಿಳಿಯುತ್ತೇವೆ. ಆದರೆ ಅದು ಮೊದಲಿನಿಂದಲೂ ನೆಲದ ಕಾಗದವೇ ಆಗಿತ್ತು. ಇದನ್ನು ಅರಿಯಲು ಮುಧೋಳ ತಾಲ್ಲೂಕಿನ ಲೋಕಾಪುರಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ವಿಜಯಪುರದಿಂದ ಧಾರವಾಡದ ಕಡೆಗೆ ಹೋಗುವ ದಾರಿಯಲ್ಲಿರುವ ಈ ಊರನ್ನು ಭೂವಿಜ್ಞಾನಿಗಳೂ ಬಲ್ಲರು, ಏಕೆಂದರೆ ಕಲಾದಗಿಯ ಪ್ರಾಚೀನ ಶಿಲಾಸ್ತರಗಳ ಒಂದು ಗುಂಪಿಗೆ ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ. ಕಲ್ಲಿನ ವಯಸ್ಸು ಕೋಟಿಗಟ್ಟಲೆ ವರ್ಷ. ಅದರ ಮೇಲಿನ ಮಣ್ಣಿನ ಒಡೆತನದ ಲೆಕ್ಕ ಮಾತ್ರ ಕೆಲವೇ ನೂರು ವರ್ಷಗಳದ್ದು. ಆ ಲೆಕ್ಕದ ಬಹುಭಾಗ ಒಂದೇ ಮನೆತನದ ಹೆಸರಿನಲ್ಲಿದೆ. ಅವರೇ ಮುಧೋಳದ ಘೋರ್ಪಡೆಯವರು.

ಮನೆತನ ತನ್ನ ಬಗ್ಗೆ ಹೇಳಿಕೊಂಡ ಕಥೆಯನ್ನು ಮೊದಲು ಕೇಳೋಣ. 1303ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಚಿತ್ತೋಡವನ್ನು ಗೆದ್ದ ನಂತರ ಅಲ್ಲಿನ ಸಿಸೋದಿಯಾ ರಜಪೂತರ ಒಂದು ಕವಲು ದಖ್ಖನಿಗೆ ಬಂತು. ಬಹಮನಿ ರಾಜ್ಯ ಸ್ಥಾಪನೆಯಾದ ಐದೇ ವರ್ಷಕ್ಕೆ, ಅಂದರೆ 1352ರಲ್ಲಿ, ಹಸನ್ ಗಂಗು ಸುಲ್ತಾನನು ಆ ವಂಶದ ದಿಲೀಪಸಿಂಹನಿಗೆ ದೇವಗಿರಿಯ ಸೀಮೆಯಲ್ಲಿ ಹತ್ತು ಹಳ್ಳಿಗಳನ್ನು ಕೊಟ್ಟ. 1398ರಲ್ಲಿ ಫಿರೋಜ್ ಷಾ ಬಹಮನಿ ಮುಧೋಳವನ್ನೂ ಅದರ ಸುತ್ತಲಿನ 84 ಹಳ್ಳಿಗಳನ್ನೂ ಭೈರವಸಿಂಹನಿಗೆ ಕೊಟ್ಟ. ಮುಂದೆ ಮಹಮೂದ್ ಗವಾನನ ದಂಡು ಈಗಿನ ವಿಶಾಲಗಡವಾದ ಖೇಳಣಾ ಕೋಟೆಗೆ ಮುತ್ತಿಗೆ ಹಾಕಿದಾಗ ಕರ್ಣಸಿಂಹನು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆ ಏರಿಸಿದನಂತೆ. ಉಡ ಬಂಡೆಗೆ ಉಗುರು ಊರಿತು, ಸೈನಿಕರು ಹಗ್ಗ ಹಿಡಿದು ಮೇಲೇರಿದರು, ಕೋಟೆ ಬಿತ್ತು, ಕರ್ಣಸಿಂಹ ಅಲ್ಲೇ ಮಡಿದ. ಆತನ ಮಗ ಭೀಮಸಿಂಹನಿಗೆ 1471ರಲ್ಲಿ ‘ರಾಜಾ ಘೋರ್ಪಡೆ ಬಹಾದ್ದೂರ್’ ಎಂಬ ಬಿರುದು ಬಂತು. ಉಡಕ್ಕೆ ಮರಾಠಿಯಲ್ಲಿ ಘೋರ್ಪಡ ಎನ್ನುತ್ತಾರೆ. ಅದಕ್ಕೂ ಮೊದಲು ಇವರು ಭೋಸಲೆಗಳು. ಕರ್ಣಸಿಂಹನ ಸಹೋದರ ಶುಭಕೃಷ್ಣನ ಕವಲಿನಿಂದಲೇ ಮುಂದೆ ಶಹಾಜಿ ಮತ್ತು ಶಿವಾಜಿ ಬಂದರು ಎಂದು ಮನೆತನದ ವಂಶಾವಳಿ ಹೇಳುತ್ತದೆ.

ಈ ಕಥೆಯಲ್ಲಿ ಎಷ್ಟು ನಿಜ? ಸಂಸ್ಥಾನದಲ್ಲಿ ಕಾಪಾಡಿಕೊಂಡು ಬಂದ ಫಾರಸಿ ಫರ್ಮಾನುಗಳನ್ನು ಆಧರಿಸಿ ದತ್ತಾತ್ರೇಯ ವಿಷ್ಣು ಆಪಟೆಯವರು 1934ರಲ್ಲಿ ಮರಾಠಿಯಲ್ಲಿ ಈ ಮನೆತನದ ದೊಡ್ಡ ಇತಿಹಾಸವನ್ನೇ ಬರೆದರು. ಕೆಲವು ವಿದ್ವಾಂಸರು ಅದನ್ನು ಒಪ್ಪಿದರು. ಇನ್ನು ಕೆಲವರು ಆರಂಭದ ಫರ್ಮಾನುಗಳು ಎಷ್ಟೋ ಕಾಲದ ನಂತರ ತಯಾರಾದವು ಎಂದು ತಳ್ಳಿಹಾಕಿದರು. 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕ ನಡೆಯಬೇಕಾದಾಗ ಆತ ಕ್ಷತ್ರಿಯನೆಂದು ತೋರಿಸಲು ಸಿಸೋದಿಯಾ ವಂಶದ ಸಂಬಂಧವೇ ಬೇಕಾಯಿತು ಎಂಬುದನ್ನು ಇಲ್ಲಿ ಮರೆಯಬಾರದು. ಬೆಲೆಬಾಳುವ ಬೇರಿಗೆ ಹಕ್ಕುದಾರರು ಹೆಚ್ಚು. ಕನ್ನಡಿಗರಿಗೆ ಕುತೂಹಲವೆನಿಸುವ ಇನ್ನೊಂದು ವಾದವೂ ಇದೆ. ಭೋಸಲೆಗಳ ಮೂಲಪುರುಷ ಬಂದದ್ದು ಚಿತ್ತೋಡದಿಂದಲ್ಲ, ನಮ್ಮ ಗದಗ ಸೀಮೆಯ ಸೊರಟೂರಿನಿಂದ ಎಂದು ಮಹಾರಾಷ್ಟ್ರದ ಸಂಶೋಧಕ ರಾ. ಚಿಂ. ಢೇರೆಯವರು 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಉಡದ ವಿಷಯಕ್ಕೆ ಬಂದರೆ, ಸಿಂಹಗಡ ಏರಿದ ತಾನಾಜಿಯ ಕಥೆಯಲ್ಲೂ ಅದೇ ಪ್ರಾಣಿ ಅದೇ ಹಗ್ಗ ಕಟ್ಟಿಕೊಂಡು ಬರುತ್ತದೆ. ಅಷ್ಟು ಭಾರ ಹೊತ್ತ ಉಡದ ಮೇಲೆ ನಮಗೆ ಕನಿಕರ ಹುಟ್ಟುತ್ತದೆಯೇ ಹೊರತು ಪೂರ್ತಿ ನಂಬಿಕೆ ಹುಟ್ಟುವುದಿಲ್ಲ.

ಆದರೆ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಈ ಮನೆತನಕ್ಕೆ ದೊಡ್ಡ ಸ್ಥಾನವಿತ್ತು, ಮುಧೋಳದ ಜಹಗೀರು ಅವರ ಕೈಯಲ್ಲಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆ ಜಹಗೀರಿನ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಲ್ತಾನ ಕೊಡುತ್ತಿದ್ದದ್ದು ಹೊಲವನ್ನಲ್ಲ, ಹೊಲದಿಂದ ಬರುವ ಕಂದಾಯದ ಹಕ್ಕನ್ನು. ಅದಕ್ಕೆ ಬದಲಾಗಿ ಜಹಗೀರುದಾರ ಇಷ್ಟು ಕುದುರೆ, ಇಷ್ಟು ಆಳು ಸಾಕಿಕೊಂಡು ಕರೆದಾಗ ಯುದ್ಧಕ್ಕೆ ಬರಬೇಕು. ಅವನ ಕೆಳಗೆ ಸೀಮೆಗೆ ದೇಸಾಯಿ, ದೇಶಪಾಂಡೆ, ಊರಿಗೆ ಗೌಡ, ಕುಲಕರ್ಣಿ, ತಳವಾರ, ವಾಲೀಕಾರ. ಇವರಿಗೂ ತಮ್ಮ ತಮ್ಮ ವತನ, ಇನಾಮು ಭೂಮಿ. ಎಲ್ಲರ ಕೆಳಗೆ ನೇಗಿಲು ಹಿಡಿದವನು. ಒಂದು ಎಕರೆ ಜೋಳದ ರಾಶಿಗೆ ಕಣದಲ್ಲೇ ಎಷ್ಟು ಕೈಗಳು ಚಾಚುತ್ತಿದ್ದವು! ಚಾಚಿದ ಪ್ರತಿಯೊಂದು ಕೈಗೂ ತಾನೊಂದು ವಂಶಾವಳಿ ಇಟ್ಟುಕೊಳ್ಳಬೇಕಿತ್ತು, ಏಕೆಂದರೆ ವತನ ತಂದೆಯಿಂದ ಮಗನಿಗೆ ಇಳಿಯುವಂಥದು. ನೇಗಿಲು ಹಿಡಿದವನ ವಂಶಾವಳಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಅವನು ಬರೆದಿಡಲೂ ಇಲ್ಲ.

ಜಹಗೀರು ಉಳಿಯಬೇಕಾದರೆ ಒಡೆಯನಿಗೆ ನಿಷ್ಠೆ ತೋರಬೇಕು. ಆ ನಿಷ್ಠೆಯೇ ಒಂದು ದೊಡ್ಡ ಕುಲವೈರಕ್ಕೆ ಕಾರಣವಾಯಿತು. 1648ರಲ್ಲಿ ಜಿಂಜಿಯ ಬಳಿ ಬಿಜಾಪುರದ ಸೇನೆಯಲ್ಲಿದ್ದ ಶಹಾಜಿಯನ್ನು ಆದಿಲ್‌ಶಾಹಿ ಸೇನಾಪತಿ ಮುಸ್ತಫಾಖಾನನ ಆಜ್ಞೆಯಂತೆ ಸೆರೆಹಿಡಿದದ್ದು ಮುಧೋಳದ ಬಾಜಿ ಘೋರ್ಪಡೆ. ವಂಶಾವಳಿಯನ್ನು ನಂಬುವುದಾದರೆ ಇಬ್ಬರೂ ಒಂದೇ ರಕ್ತದವರು. ಶಹಾಜಿ ಮರುವರ್ಷ ಬಿಡುಗಡೆಯಾದ. 1664ರ ಜನವರಿಯಲ್ಲಿ ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ ತೀರಿಕೊಂಡ. ಅದೇ ವರ್ಷ ಶಿವಾಜಿ ಮುಧೋಳದ ಮೇಲೆ ಬಿದ್ದು ಬಾಜಿಯನ್ನು ಕೊಂದ, ಊರನ್ನು ಸುಲಿದ. ತಂದೆಯ ಅಪಮಾನ ತೀರಿತೆಂದು ಬಖರುಗಳು ಹಿಗ್ಗುತ್ತವೆ. ಸುಲಿಗೆಗೆ ಸಿಕ್ಕ ಊರಿನ ಜನ ಜಿಂಜಿಯನ್ನು ಕಂಡವರೂ ಅಲ್ಲ.

ಈ ವೈರದ ಮುಂದಿನ ಅಧ್ಯಾಯ ನಮಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 1677ರಲ್ಲಿ ಶಿವಾಜಿ ದಕ್ಷಿಣ ದಿಗ್ವಿಜಯಕ್ಕೆ ಹೊರಟು ಗೋಲ್ಕೊಂಡದಲ್ಲಿದ್ದಾಗ ಬಾಜಿಯ ಮಗ ಮಾಲೋಜಿ ಘೋರ್ಪಡೆಗೆ ಒಂದು ದೀರ್ಘ ಪತ್ರ ಬರೆದ. ತಂದೆಯರ ಕಾಲದ ದ್ವೇಷವನ್ನು ಮರೆತುಬಿಡೋಣ, ದಖ್ಖನಿನ ರಾಜ್ಯ ದಖ್ಖನಿಗರ ಕೈಯಲ್ಲೇ ಉಳಿಯಬೇಕು, ಬಿಜಾಪುರದ ಪಠಾಣ ಸರದಾರರನ್ನು ಬಿಟ್ಟು ಕುತುಬ್‌ಷಾಹಿಯ ಕಡೆಗೆ ಬಾ ಎಂಬುದು ಅದರ ಸಾರ. ತಂದೆಯನ್ನು ಕೊಂದವನೇ ಮಗನಿಗೆ ಬರೆದ ಸಂಧಾನದ ಪತ್ರವಿದು. ರಾಜಕೀಯ ಲಾಭದ ಲೆಕ್ಕಾಚಾರ ಅದರಲ್ಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೂ ಹದಿಮೂರೇ ವರ್ಷಗಳ ಹಿಂದೆ ರಕ್ತ ಹರಿದ ಮನೆಗೆ ಮೊದಲು ಪತ್ರ ಬರೆಯುವುದು ಸುಲಭವಲ್ಲ. ಬದುವಿನ ಒಂದು ಗೇಣು ಜಾಗಕ್ಕಾಗಿ ಅಣ್ಣ-ತಮ್ಮಂದಿರು ಇಪ್ಪತ್ತು ವರ್ಷ ಮಾತು ಬಿಟ್ಟ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆಯಲ್ಲ.

1686ರಲ್ಲಿ ಬಿಜಾಪುರ ಔರಂಗಜೇಬನಿಗೆ ಶರಣಾಯಿತು. ಆಮೇಲೆ ಮೊಗಲರು, ಅವರ ನಂತರ ಪೇಶ್ವೆಗಳು. ಒಡೆಯರು ಬದಲಾದರು, ಮುಧೋಳದ ಜಹಗೀರು ಬದಲಾಗಲಿಲ್ಲ. 1818ರಲ್ಲಿ ಪೇಶ್ವೆ ಬಿದ್ದಾಗ ಘೋರ್ಪಡೆಯವರು ಮರುವರ್ಷವೇ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡರು. ದಂಡು ಕಳಿಸುವ ಕರ್ತವ್ಯ ಹೋಗಿ ವರ್ಷಕ್ಕಿಷ್ಟು ಕಪ್ಪ ಕೊಡುವ ಪದ್ಧತಿ ಬಂತು. ಕಂದಾಯದ ಹಕ್ಕು ಹೀಗೆ ಮೆಲ್ಲಗೆ ಒಡೆತನವಾಗಿ ಗಟ್ಟಿಯಾಯಿತು.

ಇಷ್ಟು ಕಾಲ ಉಳಿದದ್ದರ ಗುಟ್ಟೇನು? ಹಿರಿಯ ಮಗನಿಗೇ ಎಲ್ಲವೂ ಎಂಬ ನಿಯಮ. ನೆರೆಯ ಪಟವರ್ಧನರನ್ನು ನೋಡಿರಿ. ಅವರ ಸೀಮೆ ಸಾಂಗ್ಲಿ, ಮಿರಜ, ಜಮಖಂಡಿ, ಕುರುಂದವಾಡ ಎಂದು ಒಡೆಯಿತು. ಮಿರಜ 1820ರಲ್ಲಿ ಮತ್ತೆ ನಾಲ್ಕು ಪಾಲಾಯಿತು. ಅದರಲ್ಲಿ ಎರಡು ಪಾಲುಗಳು ಗಂಡು ವಾರಸುದಾರರಿಲ್ಲವೆಂದು 1842 ಮತ್ತು 1845ರಲ್ಲಿ ಕುಂಪಣಿಯ ಪಾಲಾದವು. ನರಗುಂದದ ಭಾಸ್ಕರರಾವ್ ಭಾವೆಗೂ ಮಗನಿರಲಿಲ್ಲ. ದತ್ತಕಕ್ಕೆ ಅನುಮತಿ ಕೊಡಲಿಲ್ಲವೆಂಬ ನೋವೂ ಸೇರಿ 1858ರಲ್ಲಿ ಬಂಡೆದ್ದ ಆತನನ್ನು ಅದೇ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ವಂಶಾವಳಿಯ ಹಾಳೆಯಲ್ಲಿ ಒಂದು ಖಾಲಿ ಜಾಗ ಬಿದ್ದರೆ ಒಂದು ಸಂಸ್ಥಾನವೇ ಹೋಗುತ್ತಿತ್ತು. ಮುಧೋಳಕ್ಕೆ ದತ್ತಕದ ಸನದು ಸಿಕ್ಕಿತು. ಸೀಮೆ ಒಡೆಯಲೂ ಇಲ್ಲ, ಮುಳುಗಲೂ ಇಲ್ಲ. 1901ರ ಹೊತ್ತಿಗೆ ಲೋಕಾಪುರ, ಮಹಾಲಿಂಗಪುರಗಳನ್ನು ಒಳಗೊಂಡ ಈ ಸಂಸ್ಥಾನ 368 ಚದರ ಮೈಲಿ ವಿಸ್ತಾರವಿದ್ದು 63,001 ಜನರನ್ನು ಹೊಂದಿತ್ತು.

ಆ ಜನರಲ್ಲಿ ಕೆಲವರ ಹೆಸರು ನಮಗೆ ಗೊತ್ತಿದೆ, ಆದರೆ ಅದು ವಂಶಾವಳಿಯಿಂದ ಬಂದದ್ದಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಬಂದಾಗ ಲೋಕಾಪುರಕ್ಕೆ ದೂರವಿಲ್ಲದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವನಿಗೆ, ಕಾವಲೇ ಕಸುಬಾದವನಿಗೆ ಆಯುಧವೇ ಹೊಲ, ಆಯುಧವೇ ವತನ. ನವೆಂಬರ್ ಕೊನೆಯಲ್ಲಿ ಕುಂಪಣಿಯ ದಂಡು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರ್ 11ರಂದು ಮುಧೋಳದಲ್ಲೂ 14ರಂದು ಹಲಗಲಿಯಲ್ಲೂ ಗಲ್ಲಿಗೇರಿಸಲಾಯಿತು. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಉಳಿದದ್ದು ಲಾವಣಿಕಾರರ ಬಾಯಲ್ಲಿ. ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಇಂಗ್ಲಿಷ್ ಅಧಿಕಾರಿ ಫ್ಲೀಟ್ ಎಂಬುದು ಒಂದು ವಿಚಿತ್ರ. ಶಾಲೆಯಲ್ಲಿ ಆ ಲಾವಣಿಯನ್ನು ಓದಿದ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು.

ಘೋರ್ಪಡೆಯವರ ವಂಶಾವಳಿಯಲ್ಲಿ ಇನ್ನೊಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ದಿಲೀಪಸಿಂಹನಿಂದ ಹಿಡಿದು ಬರುವುದೆಲ್ಲ ಗಂಡಸರ ಹೆಸರು. ಅವರನ್ನು ಹೆತ್ತವರು ಯಾರು? ಅದೇ ಮುಧೋಳದ ಮಣ್ಣಿನಲ್ಲಿ ಹುಟ್ಟಿದ ಕವಿ ರನ್ನ ಬಳೆಗಾರರ ಮನೆಯವನು. ಅವನಿಗೆ ಜಹಗೀರಿರಲಿಲ್ಲ. ಆದರೆ 993ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ತಂದೆ ಜಿನವಲ್ಲಭನ ಜೊತೆಗೆ ತಾಯಿ ಅಬ್ಬಲಬ್ಬೆಯ ಹೆಸರನ್ನೂ, ಹೆಂಡಂದಿರಾದ ಜಕ್ಕಿ, ಶಾಂತಿಯರ ಹೆಸರನ್ನೂ, ಮಗ ರಾಯನ ಜೊತೆ ಮಗಳು ಅತ್ತಿಮಬ್ಬೆಯ ಹೆಸರನ್ನೂ ಬರೆದಿಟ್ಟ. ಪಾಲು ಮಾಡಲು ನೆಲವಿಲ್ಲದವನು ಯಾರನ್ನೂ ಬಿಡಬೇಕಾಗಿರಲಿಲ್ಲ ಎನ್ನೋಣವೇ? ಇಂದು ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಮರಣಶಾಸನ ಬರೆಯದೆ ತೀರಿಕೊಂಡವನ ಆಸ್ತಿಯ ಮೂರನೆಯ ಒಂದು ಭಾಗ ವಿಧವೆಗೆ, ಉಳಿದದ್ದು ಗಂಡು-ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮವಾಗಿ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕವು 1994ರಲ್ಲಿ, ಇಡೀ ದೇಶ 2005ರಲ್ಲಿ ಸಮಾನ ಹಕ್ಕು ಕೊಟ್ಟಿತು. ಹೀಗಿದ್ದೂ ವಂಶಾವಳಿ ಬರೆಸುವಾಗ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನು ಮರೆಯುವವರುಂಟು. ಅದನ್ನು ಮರೆವು ಎಂದು ಕರೆಯುವುದು ನಮ್ಮ ದಾಕ್ಷಿಣ್ಯ.

ಇಪ್ಪತ್ತನೆಯ ಶತಮಾನದ ಕಥೆ ಚಿಕ್ಕದು. 1900ರಿಂದ 1937ರವರೆಗೆ ಆಳಿದ ಮಾಲೋಜಿರಾವ್ ಘೋರ್ಪಡೆಯವರನ್ನು ಜನ ಇಂದು ನೆನೆಯುವುದು ಬೇಟೆನಾಯಿಯಿಂದ. ಈ ಸೀಮೆಯ ಕುರುಬರೂ ಬೇಡರೂ ಸಾಕುತ್ತಿದ್ದ ತೆಳ್ಳಗಿನ ನಾಯಿಯ ತಳಿಯನ್ನು ಅವರು ಬೆಳೆಸಿ ಇಂಗ್ಲೆಂಡಿನ ಅರಸ ಐದನೆಯ ಜಾರ್ಜನಿಗೂ ಕಾಣಿಕೆ ಕೊಟ್ಟರು. 2005ರಲ್ಲಿ ಆ ಮುಧೋಳ ನಾಯಿ ಅಂಚೆಚೀಟಿಯ ಮೇಲೂ ಬಂತು. ನಾಯಿಗೂ ವಂಶಾವಳಿ ಬರೆದಿಡುವ ಕಾಲ ಬಂತೆನ್ನಿ. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ರಾಜಧನ 1971ರಲ್ಲಿ ನಿಂತಿತು. ಲೋಕಾಪುರ ಬಿಜಾಪುರ ಜಿಲ್ಲೆಗೆ ಸೇರಿ, 1956ರಲ್ಲಿ ಕನ್ನಡ ನಾಡಿನೊಳಗೆ ಬಂದು, 1997ರಲ್ಲಿ ಬಾಗಲಕೋಟೆ ಜಿಲ್ಲೆಯದಾಯಿತು.

ಹೊಲದ ಕಥೆಗೆ ತಿರುವು ಸಿಕ್ಕದ್ದು 1974ರ ಮಾರ್ಚ್ 1ರಂದು. ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಕಾಯಿದೆ ಅಂದಿನಿಂದ ಜಾರಿಗೆ ಬಂದು, ಗೇಣಿದಾರರು ಉಳುತ್ತಿದ್ದ ಭೂಮಿಯೆಲ್ಲ ಸರಕಾರದಲ್ಲಿ ಲೀನವಾಯಿತು. ಅದನ್ನು ತಮ್ಮ ಹೆಸರಿಗೆ ಪಡೆಯಲು ಉಳುವವರು ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಆ ಅರ್ಜಿಯ ಮುಂದೆ ಇದ್ದ ಪ್ರಶ್ನೆ ಅಜ್ಜನಿಗೆ ಯಾವ ಸುಲ್ತಾನ ಏನು ಕೊಟ್ಟ ಎಂಬುದಾಗಿರಲಿಲ್ಲ. ಈ ಹೊಲವನ್ನು ಉಳುತ್ತಿದ್ದವರು ಯಾರು, ಎಷ್ಟು ವರ್ಷದಿಂದ ಎಂಬುದಾಗಿತ್ತು. ಸಾಕ್ಷಿಗೆ ಬಂದವರು ಪಕ್ಕದ ಹೊಲದವರು. ನಮ್ಮ ಸೀಮೆಯ ಎಷ್ಟೋ ಮನೆಗಳ ವಂಶಾವಳಿ ಶುರುವಾಗುವುದೇ ಆ ಅರ್ಜಿಗೆ ಹೆಬ್ಬೆಟ್ಟು ಒತ್ತಿದ ಅಜ್ಜನಿಂದ.