ಬಣ್ಣವಿಲ್ಲದ ಪಡದಾ

ಸಿಂದಗಿಯ ನಮ್ಮ ಮನೆಯ ಪಡಸಾಲೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಅಷ್ಟರಲ್ಲೇ ಎರಡು ಕುರ್ಚಿ, ಒಂದು ದಿವಾನ, ಟಿ.ವಿ., ಮಕ್ಕಳ ಪುಸ್ತಕದ ಕಪಾಟು, ಮೂಲೆಯಲ್ಲಿ ಅತ್ತೆಯವರ ಹೊರಸು. 1996ರ ಬೇಸಿಗೆಯಲ್ಲಿ ಗೋಡೆಗೆ ಸುಣ್ಣ ಹಚ್ಚಿಸಿದಾಗ ಎರಡು ಕಿಡಕಿಗಳಿಗೂ ಪಡದಾ ಹಾಕಬೇಕೆಂದು ಮನಸ್ಸಾಯಿತು. ಅರಿವೆ ಅಂಗಡಿಯವನು ಗಾದಿಯ ಮೇಲೆ ಕೆಂಪು, ನೀಲಿ, ದೊಡ್ಡ ದೊಡ್ಡ ಹೂವಿನ ಥಾನುಗಳನ್ನೆಲ್ಲ ಬಿಚ್ಚಿ ಹಾಕಿದ. ನನಗೆ ಯಾವುದೂ ಸರಿಬರಲಿಲ್ಲ. ಸಣ್ಣ ಖೋಲಿಯಲ್ಲಿ ಅಂಥ ಹೂವು ತೂಗಿಬಿಟ್ಟರೆ ಹೂವೇ ಕೂತುಕೊಂಡು ಮನುಷ್ಯರು ಎದ್ದು ನಿಲ್ಲಬೇಕಾಗುತ್ತದೆ! ಕೊನೆಗೆ ಮಾದರಪಾಟಿನ ಥಾನು ತೆಗೆಸಿದೆ. ಬಣ್ಣ ಹಾಕದ, ಬಿಳುಪೂ ಮಾಡದ, ಬಿಳಿಜೋಳದ ಹಿಟ್ಟಿನ ಬಣ್ಣದ ಅರಿವೆ. ಏಳು ಮೀಟರ್ ಹರಿಸಿಕೊಂಡು ಬಂದೆ.

ಮನೆಗೆ ಬಂದು ಬಿಚ್ಚಿದೆ. ಅತ್ತೆಯವರು ಹೊರಸಿನ ಮೇಲಿಂದಲೇ ನೋಡಿದರು.

"ಇದೇನ ತಂದಿ ಯವ್ವಾ? ಮನ್ಯಾಗ ಯಾರರ ಹೋಗ್ಯಾರೇನು?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮುಖ ತಿರುವಿ ಗೋಡೆಯ ಕಡೆ ಮಲಗಿದರು. ಆ ಅರಿವೆ ಮೂರು ವಾರ ಮಡಿಚಿಟ್ಟಲ್ಲೇ ಇತ್ತು. ಆ ಮೂರು ವಾರಗಳಲ್ಲಿ ನಾನು ಪಡದಾದ ಬಗ್ಗೆ ಯೋಚಿಸಿದಷ್ಟು ಅದಕ್ಕೆ ಮೊದಲೂ ಯೋಚಿಸಿರಲಿಲ್ಲ, ಆಮೇಲೂ ಇಲ್ಲ.

ನಮ್ಮ ಹಳೆಯ ಮನೆಗಳಿಗೆ ಪಡದಾ ಬೇಕಿರಲೇ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಯ ಹಳೆಯ ಮನೆ ನೋಡಿದರೂ ಹೆಚ್ಚುಕಡಿಮೆ ಒಂದೇ ನಕ್ಷೆ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ನೆತ್ತಿಯ ಮೇಲೊಂದು ಬೆಳಕಿಂಡಿ. ಬಿಸಿಲನ್ನೂ ಎರೆ ಮಣ್ಣಿನ ಧೂಳನ್ನೂ ಹೊರಗೇ ನಿಲ್ಲಿಸಲು ಕಿಡಕಿಯನ್ನೇ ಕಡಿಮೆ ಇಡುತ್ತಿದ್ದರು. ಕಿಡಕಿಯೇ ಇಲ್ಲದಲ್ಲಿ ಪಡದಾ ಎಲ್ಲಿಯದು? ಬಾಣಂತಿಗೊಂದು ಮರೆ ಬೇಕಾದರೆ ಹಗ್ಗ ಕಟ್ಟಿ ಹಳೆಯ ಸೀರೆ ಇಳಿಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಸೀರೆ ಕೌದಿಯ ಹೊಟ್ಟೆ ಸೇರುತ್ತಿತ್ತು.

ಕಿಡಕಿಗಳು ಬಂದದ್ದು ಸಿಮೆಂಟಿನ ಜೊತೆ. 1964ರಲ್ಲಿ ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಬಿತ್ತು. ಹಿನ್ನೀರಿಗೆ ಊರು ಬಿಟ್ಟವರಲ್ಲಿ ಬಾಗೇವಾಡಿ ತಾಲೂಕಿನ ನನ್ನ ತವರಿನವರೂ ಇದ್ದರು. ಹೊಸ ಜಾಗದಲ್ಲಿ ಕಟ್ಟಿಕೊಂಡ ಮನೆಯ ಕಿಡಕಿ ನೇರ ರಸ್ತೆಗೇ ಮುಖ ಮಾಡಿತ್ತು. ಹೋಗುವವರು ಬರುವವರು ಇಣುಕುತ್ತಾರೆಂದು ನಮ್ಮವ್ವ ಮೊದಲು ಕಟ್ಟಿದ್ದು ಒಂದು ಹರಕು ಧೋತರ. ನನ್ನ ತವರಿನ ಮೊದಲ ಪಡದಾ ಅದೇ.

ಪಡದಾ ಎಂಬ ಮಾತು ಪಾರ್ಸಿಯದು. 1686ರವರೆಗೆ ಸುಮಾರು ಇನ್ನೂರು ವರ್ಷ ಆದಿಲಶಾಹಿಗಳು ಆಳಿದ ಸೀಮೆ ಇದು. ದರವಾಜ, ಕುರ್ಚಿ, ಪಡದಾ ಇಂಥ ಎಷ್ಟೋ ಮಾತು ನಮ್ಮ ಬಾಯಲ್ಲಿ ನಮ್ಮವೇ ಆಗಿ ಕೂತಿವೆ. ಅಚ್ಚ ಕನ್ನಡದಲ್ಲಿ ಅದಕ್ಕೆ ತೆರೆ ಎನ್ನುತ್ತೇವೆ. ತಮಾಷೆ ನೋಡಿ, ಮುಚ್ಚುವ ಅರಿವೆಗೂ ತೆರೆ, ಬಾಗಿಲು ಬಿಚ್ಚು ಎನ್ನುವುದಕ್ಕೂ ತೆರೆ!

ಇನ್ನು ಬಣ್ಣದ ಮಾತು. ಹತ್ತಿ ನಮ್ಮ ಎರೆ ಹೊಲದ ಹಳೆಯ ಬೆಳೆ. ನೂಲು ಮಗ್ಗದಿಂದ ಇಳಿದಾಗ ಅದಕ್ಕಿರುವುದು ಈ ಜೋಳದ ಬಣ್ಣವೇ. ಕೆಂಪೋ ಹಸಿರೋ ಆಗಬೇಕಾದರೆ ಬಣ್ಣಗಾರನಿಗೆ ಬೇರೆ ರೊಕ್ಕ. ಹಾಗಾಗಿ ಬಣ್ಣವೆಂದರೆ ಸಂಭ್ರಮ, ಬಣ್ಣವಿಲ್ಲದ್ದೆಂದರೆ ಸಾದಾತನ, ಬಡತನ. ಸತ್ತವರಿಗೆ ಹೊದಿಸುವುದೂ ಅದನ್ನೇ. ಎಷ್ಟೋ ಮನೆತನಗಳಲ್ಲಿ ಗಂಡ ಸತ್ತವಳ ಮೈಮೇಲೆ ಹೊದಿಸಿದ್ದೂ ಅದನ್ನೇ. 1856ರಲ್ಲೇ ವಿಧವೆಯರ ಮರುಮದುವೆಗೆ ಕಾಯಿದೆಯಾಯಿತು. ನಮ್ಮ ಕಡೆ ಹಲವು ಸಮುದಾಯಗಳಲ್ಲಿ ಉಡಿಕೆಯ ಪದ್ಧತಿಯೂ ಇತ್ತು. ಆದರೆ ಕಾಯಿದೆ ಸೀರೆಯ ಬಣ್ಣದವರೆಗೆ ಬರಲಿಲ್ಲ.

ಅದೇ ಅರಿವೆಗೆ ಬೇರೆ ಮರ್ಯಾದೆಗಳೂ ಉಂಟು. ಹಲವು ಮದುವೆಗಳಲ್ಲಿ ವಧೂವರರ ನಡುವೆ ಹಿಡಿಯುವ ಅಂತರಪಟ ಬಿಳಿಯ ಅರಿವೆಯದೇ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ದಿನಗಳಲ್ಲಿ ದಪ್ಪ ಖಾದಿ ಉಟ್ಟವರೇ ಗೌರವಸ್ಥರು. 1957ರಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿತು. ಇಂದು ಅಲ್ಲಿ ಹೊಲಿಯುವ ರಾಷ್ಟ್ರಧ್ವಜಕ್ಕೆ ಅರಿವೆ ನೇಯುವುದು ತುಳಸಿಗೇರಿಯಲ್ಲಿ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ತುಳಸಿಗೇರಿಯೂ ಇಳಕಲ್ಲೂ ನಮ್ಮ ವಿಜಾಪುರ ಜಿಲ್ಲೆಯವೇ. ಕೇಸರಿ, ಹಸಿರು ಏರುವ ಮೊದಲು ಆ ಅರಿವೆಗೂ ಬಣ್ಣವಿರುವುದಿಲ್ಲ. ನೂಲುವವರು, ನೇಯುವವರು, ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಅರಿವೆ ಒಂದೇ. ಮದುವೆಯಲ್ಲಿ ಒಂದು ಅರ್ಥ, ಮಸಣದಲ್ಲಿ ಒಂದು, ಧ್ವಜದಲ್ಲಿ ಒಂದು. ಇದನ್ನೆಲ್ಲ ದೊಡ್ಡ ವಿದ್ವಾಂಸಳಂತೆ ಒಂದು ಮಧ್ಯಾಹ್ನ ಅತ್ತೆಯವರಿಗೆ ಹೇಳಿದೆ. ಅವರು ಸುಮ್ಮನೆ ಕೇಳಿದರು. ಆಮೇಲೆ ತಮ್ಮ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು.

"ಖರೇ ಅದ ನೀ ಹೇಳೂದು. ಆದ್ರ ನೀ ಅಂಗಡಿಗೆ ಹೋಗಿ ಹತ್ತು ಬಣ್ಣ ನೋಡಿ ಇದನ್ನ ಆರಿಸಿ ತಂದಿ. ನನಗ ಯಾರೂ ಆರಿಸಾಕ ಕೊಡಲಿಲ್ಲ. ಇಪ್ಪತ್ತೆರಡನೇ ವರ್ಷಕ್ಕ ಉಡಿಸಿದ್ರು, ಉಟ್ಕೊಂಡ್ನಿ. ಬಣ್ಣ ಬ್ಯಾಡ ಅಂತ ನಾ ಎಂದೂ ಅಂದಿಲ್ಲ. ನನ್ನ ಮೈಮ್ಯಾಲಿದ್ದದ್ದ ಸಾಕಾಗೇದ, ಕಿಡಕಿಗೂ ಯಾಕ?"

ನನ್ನ ಬಾಯಿ ಕಟ್ಟಿತು. ನಾನು ನಾಲ್ಕು ಊರಿನ ಇತಿಹಾಸ ಹೇಳಿದ್ದೆ. ಅವರು ಒಂದೇ ಮೈಯ ಇತಿಹಾಸ ಹೇಳಿದ್ದರು.

ಅರಿವೆಯನ್ನು ಅಂಗಡಿಗೆ ತಿರುಗಿಸಿ ಕೊಟ್ಟುಬರುತ್ತೇನೆಂದೆ. ಬೇಡವೆಂದರು. ಎರಡು ದಿನ ಬಿಟ್ಟು ತಮ್ಮ ಟ್ರಂಕು ತೆಗೆಸಿ ತಳದಿಂದ ಮದುವೆಯ ಇಳಕಲ್ ಸೀರೆ ಎತ್ತಿದರು. ಒಡಲು ಜಿಗಿದುಹೋಗಿತ್ತು, ಗೋಮಿ ದಡಿ ಮಾತ್ರ ಗಟ್ಟಿಯಿತ್ತು. ಕತ್ತರಿ ನನ್ನ ಕೈಗೆ ಕೊಡಲಿಲ್ಲ. ತಾವೇ ದಡಿ ಬಿಡಿಸಿ, "ಪಡದಾದ ಬುಡಕ ಹಚ್ಚು" ಎಂದರು.

ಆ ಪಡದಾ ಹೇಗಾಯಿತೆಂದು ಇಂದಿಗೂ ಗೆಳತಿಯರು ಕೇಳುತ್ತಾರೆ, ಹೇಳಿಬಿಡುತ್ತೇನೆ. ಮಾದರಪಾಟು ಮೊದಲ ನೀರಿಗೆ ಜಗ್ಗಿ ಒಳಸೇರುತ್ತದೆ. ಅದಕ್ಕೇ ಒಂದು ರಾತ್ರಿ ನೆನೆಯಿಟ್ಟು ಒಣಗಿಸಿ ಆಮೇಲೆ ಕತ್ತರಿಸಬೇಕು. ಕಿಡಕಿ ನಾಲ್ಕು ಅಡಿ ಅಗಲವಿದ್ದರೆ ಅರಿವೆ ಆರು ಅಡಿಯಾದರೂ ಇರಲಿ, ಇಲ್ಲದಿದ್ದರೆ ನೆರಿಗೆ ಬೀಳದೆ ಚಾದರ ಒಣಹಾಕಿದಂತೆ ಕಾಣುತ್ತದೆ. ಸ್ಪ್ರಿಂಗ್ ತಂತಿಯನ್ನು ಚೌಕಟ್ಟಿಗಿಂತ ಗೇಣು ಮೇಲೆ ಹೊಡೆದರೆ ಗೋಡೆ ಎತ್ತರವಾಗಿ ತೋರುತ್ತದೆ. ಅಚ್ಚ ಬಿಳುಪು ನಮ್ಮ ಧೂಳಿಗೆ ಎಂಟು ದಿನ ತಡೆಯದು, ಗಾಢ ಬಣ್ಣ ನಮ್ಮ ಬಿಸಿಲಿಗೆ ತಡೆಯದು. ಈ ಜೋಳದ ಬಣ್ಣ ಎರಡನ್ನೂ ತಡೆಯುತ್ತದೆ, ಬೆಳಕನ್ನೂ ಒಳಗೆ ಬಿಡುತ್ತದೆ. ನಮ್ಮ ಪಡಸಾಲೆ ನಿಜವಾಗಿಯೂ ದೊಡ್ಡದಾಗಿ ಕಂಡಿತು.

ಐದು ವರ್ಷಕ್ಕೆ ಅರಿವೆ ಹಿಂಜಿತು. 2001ರಲ್ಲಿ ಹೊಸದು ತರಲು ಹೊರಟಾಗ ಅತ್ತೆಯವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಂಗಡಿಯಲ್ಲಿ ಒಂದು ತಾಸು ಕೂತರು. ಹಸಿರು, ಅರಿಷಿಣ, ದಾಳಿಂಬೆ ಬಣ್ಣದ ಥಾನುಗಳನ್ನೆಲ್ಲ ಬಿಚ್ಚಿಸಿದರು. ಒಂದೊಂದನ್ನೂ ಮುಟ್ಟಿ, ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ಕೈ ಮಾಡಿ ತೋರಿಸಿದ್ದು ಅದೇ ಮಾದರಪಾಟನ್ನು.

ನಾನು ಅವರ ಮುಖ ನೋಡಿದೆ.

"ಈ ಸಲ ನಾ ಆರಿಸೇನಿ" ಎಂದರು. ಆಮೇಲೆ ಅಂಗಡಿಯವನ ಕಡೆ ತಿರುಗಿ, "ಆ ದಾಳಿಂಬ್ರ ಬಣ್ಣದ್ದೂ ಒಂದ ಮೀಟರ್ ಹರೀಯಪಾ, ನನ್ನ ತಲಿದಿಂಬಿಗೆ" ಎಂದರು.